32 ಚದರಡಿಯ ಘಾಟಿ

ಬೆಂಗಳೂರಿನಲ್ಲಿ ‘ಲೇಔಟ್ ಮಾಡುತ್ತಿದ್ದೇನೆ’ ಎಂದು ಬಾಯಿಬಿಡಬಾರದು. ಯಾವ ಕಡೆ, ಸೈಟಿನ ಅಳತೆ ಎಷ್ಟು, ಖಾತೆ ಆಗಿದೆಯೇ ಎಂಬ ಪ್ರಶ್ನೆಗಳು ಸಾಲಾಗಿ ಬರುತ್ತವೆ. ನನ್ನದು ಎಂಟಕ್ಕೆ ನಾಲ್ಕು ಅಡಿ, ಒಟ್ಟು 32 ಚದರಡಿ, ಅಷ್ಟರಲ್ಲೇ ಒಂದು ನಿಲ್ದಾಣ, ಒಂದು ಸೇತುವೆ, ಎರಡು ಸುರಂಗ ಇವೆ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮಾದರಿ ರೈಲಿನ ಹವ್ಯಾಸದವರು ಹಳಿ, ಗುಡ್ಡ, ನಿಲ್ದಾಣ ಎಲ್ಲ ಕೂಡಿದ ಹಲಗೆಯನ್ನು ಲೇಔಟ್ ಎನ್ನುತ್ತಾರೆ. ನಾಲ್ಕು ವರ್ಷದಿಂದ ನಾನು ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಒಂದು ತುಣುಕನ್ನು ಮನೆಯ ಸಣ್ಣ ಕೋಣೆಯಲ್ಲಿ ಕಟ್ಟುತ್ತಿದ್ದೇನೆ.

ಆ ಘಾಟಿಯ ಹುಚ್ಚು ಹಿಡಿದದ್ದು 2003ರಲ್ಲಿ. 1979ರಲ್ಲಿ ಶುರುವಾದ ಮೀಟರ್‌ಗೇಜ್ ದಾರಿಯನ್ನು ಬ್ರಾಡ್‌ಗೇಜ್ ಮಾಡಲೆಂದು 1996ರಲ್ಲಿ ಮುಚ್ಚಿದ್ದರು. ಗೂಡ್ಸ್ ರೈಲು ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಕೊನೆಗೆ. ನಡುವಿನ ಆ ವರ್ಷಗಳಲ್ಲಿ ಕಾಲೇಜು ಹುಡುಗರ ಗುಂಪುಗಳು ಅಲ್ಲಿ ನಡೆದುಹೋಗುತ್ತಿದ್ದವು. ನಾವೂ ಹೋಗಿದ್ದೆವು. ಸುರಂಗದೊಳಗೆ ಟಾರ್ಚ್ ಹಾಕಿದಾಗ ಎದ್ದ ಬಾವಲಿಗಳು, ಸೇತುವೆಯ ಮೇಲೆ ಕಾಲಡಿಯ ಸಂದಿನಲ್ಲಿ ಕಂಡ ಹೊಳೆ ಇನ್ನೂ ಕಣ್ಣಲ್ಲಿವೆ. ಈಗ ಹಳಿಯ ಮೇಲೆ ನಡೆಯುವುದಕ್ಕೆ ನಿಷೇಧವಿದೆ. ಹಗಲು ರೈಲಿನ ಕಿಟಕಿಯೇ ನನ್ನ ಅಧ್ಯಯನ ಕೊಠಡಿ.

ನಾನು ಆರಿಸಿಕೊಂಡದ್ದು ಎಚ್‌ಒ ಅಳತೆ, ಎಂದರೆ ನಿಜದ 87ನೇ ಒಂದು ಭಾಗ. ಸುಮಾರು 55 ಕಿಲೋಮೀಟರ್ ಘಾಟಿಯನ್ನು ಈ ಲೆಕ್ಕದಲ್ಲಿ ಇಳಿಸಿದರೂ 632 ಮೀಟರ್ ಹಳಿ ಬೇಕು. ನಮ್ಮ ಬೀದಿಯೇ ಅಷ್ಟು ಉದ್ದವಿಲ್ಲ. ಹಾಗಾಗಿ ದೋಣಿಗಾಲ್, ಕಡಗರವಳ್ಳಿ, ಸಿರಿಬಾಗಿಲು ಎಲ್ಲವನ್ನೂ ಬಿಟ್ಟು ಎಡಕುಮೇರಿ ನಿಲ್ದಾಣವೊಂದನ್ನೇ ಹಿಡಿದೆ. ಘಾಟಿಯಲ್ಲಿರುವ 57 ಸುರಂಗಗಳು ನನ್ನಂಥವನಿಗೆ ವರ. ಬಯಲುಸೀಮೆಯ ದಾರಿಯನ್ನು ಇಷ್ಟು ಜಾಗದಲ್ಲಿ ಮಾಡಿದರೆ ರೈಲು ಗಾಣದೆತ್ತಿನ ಹಾಗೆ ಸುತ್ತುವುದು ಕಾಣುತ್ತದೆ. ಇಲ್ಲಿ ಅದು ಒಂದು ಸುರಂಗಕ್ಕೆ ನುಗ್ಗಿ ಗುಡ್ಡದೊಳಗೆ ಅರ್ಧ ನಿಮಿಷ ಅಡಗಿ ಇನ್ನೊಂದು ಸುರಂಗದಿಂದ ಹೊರಬಂದರೆ, ನೋಡುವವರು ಅದು ಎಲ್ಲಿಂದಲೋ ಬಂತು ಎಂದುಕೊಳ್ಳುತ್ತಾರೆ.

ಒಂದು ತಪ್ಪೊಪ್ಪಿಗೆ. ನಮ್ಮ ಬ್ರಾಡ್‌ಗೇಜ್‌ನಲ್ಲಿ ಎರಡು ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್, 87ರಿಂದ ಭಾಗಿಸಿದರೆ 19.3. ಮಾರುಕಟ್ಟೆಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5, ಏಕೆಂದರೆ ಅದು ಯುರೋಪ್, ಅಮೆರಿಕದ 1435ರ ಲೆಕ್ಕಕ್ಕೆ ಮಾಡಿದ್ದು. ಸುಮಾರು ಮೂರು ಮಿಲಿಮೀಟರ್ ಕಡಿಮೆ. ಸ್ಕೇಲ್ ಹಿಡಿದು ಬರುವವರಿಗೆ ಮೊದಲು ಕಾಫಿ ಕೊಡುತ್ತೇನೆ.

ಮೊದಲ ವರ್ಷ ಹೆಚ್ಚಿನ ಕೆಲಸ ಮರದ್ದು. 12 ಮಿಲಿಮೀಟರ್ ಪ್ಲೈವುಡ್‌ನ ಎರಡು ತುಂಡುಗಳು, ಕೆಳಗೆ ಚೌಕಟ್ಟು. ನೆಂಟರು ಬಂದಾಗ ಎರಡನ್ನೂ ಬಿಡಿಸಿ ಗೋಡೆಗೆ ಒರಗಿಸಬೇಕೆಂಬುದು ಮನೆಯವರ ಷರತ್ತು. ಪ್ಲೈವುಡ್‌ನ ಅಂಚಿಗೆ ವಾರ್ನಿಷ್ ಬಳಿಯದೆ ಬಿಟ್ಟಿದ್ದರಿಂದ ಮೊದಲ ಮಳೆಗಾಲದಲ್ಲೇ ಅದು ಉಬ್ಬಿ, ನೇರವಾಗಿದ್ದ ಹಳಿ ಹಾವಿನಂತೆ ಹೊರಳಿತು. ಈಗ ಎರಡು ಕೋಟ್ ಬಳಿದು, ಹಳಿಯ ಜೋಡಣೆಗಳಲ್ಲಿ ವಿಸಿಟಿಂಗ್ ಕಾರ್ಡ್‌ನಷ್ಟು ಸಂದು ಬಿಡುತ್ತೇನೆ. ಮಾದರಿ ಎಂಜಿನ್‌ಗೆ ವಿದ್ಯುತ್ ಬರುವುದು ಹಳಿಯಿಂದಲೇ, ಆದರೆ ಜೋಡಣೆಯ ತಗಡಿನ ಮೂಲಕ ಅದು ಹರಿಯುತ್ತದೆ ಎಂದು ನಂಬುವುದನ್ನೂ ಬಿಟ್ಟಿದ್ದೇನೆ. ಪ್ರತಿ ಹಳಿಯ ತುಂಡಿಗೂ ಕೆಳಗಿನಿಂದ ಬೇರೆ ತಂತಿ ಬೆಸೆದಿದ್ದೇನೆ.

ನಿಜದ ಘಾಟಿಯ ಏರು 50ಕ್ಕೆ 1. ನಾನೂ ಅದನ್ನೇ ಇಟ್ಟುಕೊಂಡೆ. ಒಂದು ಹಳಿ ಇನ್ನೊಂದರ ಮೇಲೆ ದಾಟಲು ಎಂಟು ಸೆಂಟಿಮೀಟರ್ ಎತ್ತರ ಬೇಕು, ಅದಕ್ಕೆ ನಾಲ್ಕು ಮೀಟರ್ ಏರು. ಕಾಗದದ ಮೇಲೆ ಸುಲಭ. ಆದರೆ ನನ್ನ ತಿರುವಿನ ತ್ರಿಜ್ಯ ಅರ್ಧ ಮೀಟರ್ ಮಾತ್ರ. ಏರು, ತಿರುವು ಎರಡೂ ಒಟ್ಟಿಗೆ ಬಂದಲ್ಲಿ ಏಳು ಬೋಗಿ ಎಳೆಯುತ್ತಿದ್ದ ಎಂಜಿನ್ ನಾಲ್ಕಕ್ಕೇ ಚಕ್ರ ಜಾರಿಸಿ ನಿಂತಿತು.

ಅತಿ ದೊಡ್ಡ ಪೆಟ್ಟು ತಿಂದದ್ದು ಗುಡ್ಡದಿಂದ. ಥರ್ಮಾಕೋಲ್ ಪದರಗಳನ್ನು ಅಂಟಿಸಿ, ಮೇಲೆ ಔಷಧಿ ಅಂಗಡಿಯ ಪ್ಲಾಸ್ಟರ್ ಬ್ಯಾಂಡೇಜ್ ಹೊದಿಸಿ, ಅಲ್ಯೂಮಿನಿಯಂ ಹಾಳೆಯನ್ನು ಮುದುಡಿ ಅದರಲ್ಲಿ ಬಂಡೆಗಳನ್ನು ಎರಕ ಹೊಯ್ದು ಎರಡು ತಿಂಗಳು ಕೂತಿದ್ದೆ. ಸೋಸಿದ ಟೀ ಪುಡಿಯನ್ನು ಒಣಗಿಸಿ ಮಣ್ಣಿನಂತೆ ಉದುರಿಸಿದ್ದೆ. ಬಣ್ಣ ಒಣಗಿದ ದಿನ ಮನೆಯವರನ್ನೆಲ್ಲ ಕರೆದು ರೈಲು ಬಿಟ್ಟೆ. ಒಳಗೆ ಹೋಯಿತು. ಹೊರಗೆ ಬರಲಿಲ್ಲ. ಕೈ ಹಾಕಲು ಎಲ್ಲಿಯೂ ಕಂಡಿ ಬಿಟ್ಟಿರಲಿಲ್ಲ. ಕೊನೆಗೆ ಬ್ರೆಡ್ ಕತ್ತರಿಸುವ ಚಾಕುವಿನಿಂದ ಗುಡ್ಡದ ನೆತ್ತಿ ಕೊಯ್ದೆ. ತಿರುವಿನಲ್ಲಿ ಎರಡು ಹಳಿಗಳು ಸೇರುವ ಕಡೆ ಮೂಲೆಯೊಂದು ಹೊರಕ್ಕೆ ಚಾಚಿತ್ತು. ಬಾಗುವ ಹಳಿಗಳನ್ನು ನೇರವಾಗಿಟ್ಟು ಮೊದಲು ಬೆಸೆದು, ಆಮೇಲೆ ಬಗ್ಗಿಸಬೇಕು. ನಾನು ಬಗ್ಗಿಸಿ ಆಮೇಲೆ ಸೇರಿಸಿದ್ದೆ.

ಈಗ ಆ ನೆತ್ತಿ ತೆಗೆದಿಡಬಹುದಾದ ಮುಚ್ಚಳ. ಕೊಯ್ದ ಗೆರೆಯ ಮೇಲೆ ಪೊದೆಗಳನ್ನು ಅಂಟಿಸಿದ್ದೇನೆ. ಆ ಟೀ ಪುಡಿಗೆ ಮುಂದಿನ ಮಳೆಗಾಲ ಬೂಷ್ಟು ಹಿಡಿದು ಘಾಟಿಯಲ್ಲಿ ಹಿಮ ಬಿದ್ದಂತೆ ಕಂಡಿತು. ಬಾಣಲೆಯಲ್ಲಿ ಚೆನ್ನಾಗಿ ಹುರಿಯದೆ ಅದನ್ನು ಹಾಕಬೇಡಿ. ಹುರಿಯಲು ಅಡುಗೆಗೆ ಬಳಸದ ಬಾಣಲೆ ಹುಡುಕಿಕೊಳ್ಳಿ, ಈ ಮಾತನ್ನು ಅಮ್ಮನ ಪರವಾಗಿ ಹೇಳುತ್ತಿದ್ದೇನೆ.

ಜಲ್ಲಿಯ ಗುಟ್ಟು ಮಾತ್ರ ಸುಲಭ. ರೈಲ್ವೆಯ 65 ಮಿಲಿಮೀಟರ್ ಜಲ್ಲಿ 87ನೇ ಒಂದು ಭಾಗವಾದರೆ ಮುಕ್ಕಾಲು ಮಿಲಿಮೀಟರ್. ಪಕ್ಕದ ಕಟ್ಟಡದ ಎಂ-ಸ್ಯಾಂಡ್ ಕೇಳಿ ತಂದು ಎರಡು ಜರಡಿಗಳಲ್ಲಿ ಹಿಡಿದು, ದಪ್ಪವೂ ಅಲ್ಲದ ಪುಡಿಯೂ ಅಲ್ಲದ ನಡುವಿನದನ್ನು ಇಟ್ಟುಕೊಂಡೆ. ಅದರ ಮೇಲೆ ಅಯಸ್ಕಾಂತ ಆಡಿಸುವುದನ್ನು ಮರೆಯಬಾರದು. ಕಬ್ಬಿಣದ ಕಣ ಉಳಿದರೆ ಎಂಜಿನ್ನಿನ ಮೋಟಾರ್ ಅದನ್ನು ಸೆಳೆದುಕೊಂಡು ಕೆಡುತ್ತದೆ. ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ. ಸಿರಿಂಜಿನಿಂದ ಹನಿಸಿದರೆ ಜಲ್ಲಿ ಕದಲದೆ ಕೂರುತ್ತದೆ.

ಬೋಗಿಗಳು ಹಳಿ ತಪ್ಪುವುದಕ್ಕೆ ಮದ್ದು ಸಿಕ್ಕಿದ್ದು ಪಂಕ್ಚರ್ ಅಂಗಡಿಯಲ್ಲಿ. ಅಮೆರಿಕದ ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಹೇಳುವಂತೆ ಎಚ್‌ಒ ಬೋಗಿಗೆ ಸುಮಾರು 28 ಗ್ರಾಂ, ಜೊತೆಗೆ ಉದ್ದದ ಪ್ರತಿ ಇಂಚಿಗೆ 14 ಗ್ರಾಂ ತೂಕವಿರಬೇಕು. ಚೆನ್ನೈನ ಐಸಿಎಫ್ ಕಾರ್ಖಾನೆಯ ಮಾದರಿಯ ನನ್ನ ಬೋಗಿ 24.5 ಸೆಂಟಿಮೀಟರ್ ಉದ್ದವಿದೆ, ಅದಕ್ಕೆ 160 ಗ್ರಾಂ ದಾಟಬೇಕು. ಇದ್ದದ್ದು 100ರ ಆಸುಪಾಸು. ಕಾರಿನ ಚಕ್ರ ಸಮತೂಕ ಮಾಡಲು ಅಂಟಿಸುವ ಐದು, ಹತ್ತು ಗ್ರಾಂ ತುಂಡುಗಳನ್ನು ತಂದು ಬೋಗಿಯ ತಳಕ್ಕೆ ಅಂಟಿಸಿದೆ. ಹಳಿ ತಪ್ಪುವುದು ನಿಂತಿತು. ಏರಿನಲ್ಲಿ ಎಂಜಿನ್ ಇನ್ನಷ್ಟು ಏದುಸಿರು ಬಿಟ್ಟಿತು, ಅದು ಬೇರೆ ಮಾತು.

ಇಷ್ಟಾದ ಮೇಲೆ ಕೆಳಮನೆಯ ಹಿರಿಯರು ನೋಡಲು ಬಂದರು. ಗೂಡ್ಸ್ ರೈಲು ಓಡಿಸಿ ನಿವೃತ್ತರಾದವರು, ಈ ಘಾಟಿಯನ್ನು ಎಷ್ಟೋ ಸಲ ಇಳಿದವರು. ನಾನು ಬಂಡೆ, ಜಲ್ಲಿ, ಸುರಂಗದ ಬಾಯಿ ಎಲ್ಲ ತೋರಿಸಿದೆ. ಅವರು ಬಗ್ಗಿ ಹಳಿಯನ್ನಷ್ಟೇ ನೋಡಿದರು.

‘ಕ್ಯಾಚ್ ಸೈಡಿಂಗ್ ಎಲ್ಲಪ್ಪಾ? ಬ್ರೇಕ್ ಹಿಡಿಯದ ರೈಲು ಸೀದಾ ನಿನ್ನ ನಿಲ್ದಾಣಕ್ಕೆ ನುಗ್ಗುತ್ತದಲ್ಲ!’

ಘಾಟಿ ಇಳಿದು ಬರುವ ರೈಲಿಗಾಗಿ ನಿಲ್ದಾಣದ ಮುಂಚೆ ಏರುಮುಖದ ಒಂದು ಕುರುಡು ಹಳಿ ಇರುತ್ತದೆ. ಹಳಿ ಕವಲೊಡೆಯುವಲ್ಲಿನ ಪಾಯಿಂಟ್ ಯಾವಾಗಲೂ ಅದರ ಕಡೆಗೇ ತಿರುಗಿರುತ್ತದೆ. ರೈಲು ಬಂದು ಪೂರ್ತಿ ನಿಂತರೆ ಮಾತ್ರ ಅದನ್ನು ನಿಲ್ದಾಣದತ್ತ ತಿರುಗಿಸುತ್ತಾರೆ. ನಿಲ್ಲಲಾಗದ ರೈಲು ಏರು ಹತ್ತಿ ಮರಳಿನಲ್ಲಿ ಹೂತು ನಿಲ್ಲುತ್ತದೆ. ನಾನು ನೂರಾರು ಫೋಟೊ ತೆಗೆದಿದ್ದೆ, ಆದರೆ ಆ ಹಳಿಯನ್ನು ಸುಮ್ಮನೆ ಯಾವುದೋ ಹಳೆಯ ಹಳಿ ಎಂದುಕೊಂಡಿದ್ದೆ.

ಅಂಟಿಸಿ ಮುಗಿಸಿದ್ದ ಜಲ್ಲಿಯನ್ನು ನೀರು ಹಾಕಿ ಕೆರೆದು, ಹೊಸ ಪಾಯಿಂಟ್ ಕೂರಿಸಲು ಮೂರು ತಿಂಗಳು ಹಿಡಿಯಿತು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಿಂದ ಟೈಮರ್ ರಿಲೇ ತಂದೆ. ಪಾಯಿಂಟ್‌ಗೆ ಮುಂಚಿನ 45 ಸೆಂಟಿಮೀಟರ್ ಹಳಿಯ ವಿದ್ಯುತ್ತನ್ನು ಬೇರ್ಪಡಿಸಿದ್ದೇನೆ. ರೈಲು ಅಲ್ಲಿ ಇಪ್ಪತ್ತು ಸೆಕೆಂಡ್ ನಿಂತರೆ ಮಾತ್ರ ಪಾಯಿಂಟ್‌ನ ಗುಂಡಿ ಕೆಲಸ ಮಾಡುತ್ತದೆ. ಕುರುಡು ಹಳಿಯ ತುದಿಯಲ್ಲಿ ಒಂದು ಚಮಚ ಮರಳು. ನಾಲ್ಕು ವರ್ಷದ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಮೂಲೆ ಇದೇ, ಬಂದವರು ಯಾರೂ ಇದನ್ನು ಗಮನಿಸುವುದಿಲ್ಲ.

ಸದ್ಯ ನಡೆಯುತ್ತಿರುವುದು ಬ್ಯಾಂಕರ್ ಕೆಲಸ. ನಿಜದ ಘಾಟಿಯಲ್ಲಿ ಭಾರದ ಗೂಡ್ಸ್ ಹತ್ತುವಾಗ ಹಿಂದಿನಿಂದಲೂ ಎಂಜಿನ್‌ಗಳು ತಳ್ಳುತ್ತವೆ. ಮಾದರಿಯಲ್ಲಿ ಹಿಂದಿನದು ಕೂದಲೆಳೆಯಷ್ಟು ವೇಗವಾಗಿ ಓಡಿದರೂ ನಡುವಿನ ವ್ಯಾಗನ್ ತಿರುವಿನಲ್ಲಿ ಹೊರಕ್ಕೆ ಹಾರುತ್ತದೆ. ಅದಕ್ಕೇ ಪ್ರತಿ ಎಂಜಿನ್ನನ್ನೂ ಬೇರೆಬೇರೆಯಾಗಿ ನಿಯಂತ್ರಿಸಲು ಬಿಡುವ ಸಣ್ಣ ಚಿಪ್, ಡಿಸಿಸಿ ಡಿಕೋಡರ್, ಹಾಕಿಸಿ, ಎರಡೂ ಎಂಜಿನ್‌ಗಳ ಡಿಕೋಡರ್‌ನಲ್ಲಿ ಸಿವಿ 2, 5, 6 ಎಂಬ ಸೆಟ್ಟಿಂಗ್‌ಗಳನ್ನು, ಎಂದರೆ ಆರಂಭದ, ಗರಿಷ್ಠ, ಮಧ್ಯದ ವೇಗಗಳನ್ನು, ಒಂದೊಂದೇ ಅಂಕಿ ಬದಲಿಸಿ ಸರಿಹೊಂದಿಸುತ್ತಿದ್ದೇನೆ. ಕಳೆದ ಭಾನುವಾರ ಹತ್ತು ವ್ಯಾಗನ್‌ಗಳ ರೈಲು ಮೊದಲ ಸಲ ಮೇಲಿನ ಸುರಂಗದ ತನಕ ಹತ್ತಿ, ಒಳಗೆ ನಿಂತುಬಿಟ್ಟಿತು. ಹಿರಿಯರು ಪಕ್ಕದಲ್ಲೇ ಇದ್ದರು. ಮುಚ್ಚಳ ತೆಗೆದರೆ ಆರನೆಯ ವ್ಯಾಗನ್ ಹಳಿಯ ಮೇಲೆಯೇ ಇತ್ತು, ಅದರ ಪಕ್ಕ ಸುರಂಗದ ಗೋಡೆಗೆ ಅಂಟಿಕೊಂಡು ಹಲ್ಲಿಯ ಎರಡು ಬಿಳಿ ಮೊಟ್ಟೆಗಳಿದ್ದವು. ಅವುಗಳಲ್ಲಿ ಒಂದು ಮೊಟ್ಟೆ ವ್ಯಾಗನ್ನಿಗೆ ತಾಗಿಕೊಂಡಿತ್ತು.

‘ಲೈನ್ ಬ್ಲಾಕ್ ತಗೋ’ ಎಂದರು ಹಿರಿಯರು. ಮೇಲಿನ ಹಳಿ ಈ ತಿಂಗಳು ಬಂದ್.