ಬಿಸಿಲೂರಿನ ವೈದ್ಯನಿಗೂ ವಿಟಮಿನ್ ಡಿ ಕೊರತೆ: ನನ್ನ ಅನುಭವ

ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುವುದು ಹೊಸದಲ್ಲ. ಅದಕ್ಕೇ ವಿಟಮಿನ್ ಡಿ ಕಡಿಮೆಯಿದೆ ಎಂದಾಗಲೆಲ್ಲ ರೋಗಿಗಳು, “ಬಿಸಿಲೂರಾಗ ಇದ್ದು ಬಿಸಿಲಿನ ವಿಟಮಿನ್ ಹ್ಯಾಂಗ ಕಮ್ಮಿ ಆಗ್ತದ್ರಿ ಸರ್?” ಎಂದು ಕೇಳುತ್ತಾರೆ. ಆದರೆ ಚರ್ಮದಲ್ಲಿ ವಿಟಮಿನ್ ತಯಾರಾಗಬೇಕಾದ ನಡುಹಗಲಿನಲ್ಲೇ ನಾವೆಲ್ಲ ನೆರಳು ಹುಡುಕುತ್ತೇವೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಿಂದ ಪ್ರಯೋಜನವಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಕ್ಲಿನಿಕ್ಕಿನಲ್ಲಿ ಕೂರುವ ನನ್ನ ರಕ್ತದಲ್ಲೇ ವಿಟಮಿನ್ ಡಿ ಮಿಲಿಲೀಟರಿಗೆ 11 ನ್ಯಾನೊಗ್ರಾಂ ಇತ್ತು. 20ಕ್ಕಿಂತ ಕಡಿಮೆಯಾದರೆ ಕೊರತೆಯೆಂದೇ ಲೆಕ್ಕ.

ನನಗಾಗಲೇ ಸಕ್ಕರೆ ಕಾಯಿಲೆಯ ಅಂಚು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇ 6.1 ಇತ್ತು. ಇನ್ಸುಲಿನ್ ಒಸರುವ ಬೀಟಾ ಕೋಶಗಳಲ್ಲಿ ಈ ವಿಟಮಿನ್ ಅಂಟಿಕೊಂಡು ಕೆಲಸ ಮಾಡುವ ತಾಣಗಳು (ಗ್ರಾಹಕಗಳು) ಇರುವುದನ್ನೂ, ರಕ್ತದೊತ್ತಡ ಏರಿಸುವ ರೆನಿನ್ ಅನ್ನು ಅದು ತಗ್ಗಿಸುವುದನ್ನೂ ಓದಿದ್ದ ನಾನು, ಒಂದೇ ಔಷಧಿಯಿಂದ ಎರಡೂ ಕಡೆ ಲಾಭವಾದೀತೆಂದು ವಾರಕ್ಕೆ 60,000 ಯೂನಿಟ್‌ನಂತೆ ಎಂಟು ವಾರ ತೆಗೆದುಕೊಂಡೆ. ಮಟ್ಟ 34ಕ್ಕೆ ಏರಿತು, ಮೆಟ್ಟಿಲು ಹತ್ತುವಾಗಿನ ತೊಡೆಯ ಭಾರ ಹೋಯಿತು, ಸಕ್ಕರೆ ಮಾತ್ರ 6.0ರಲ್ಲೇ ನಿಂತಿತು.

ಇದು ನನ್ನೊಬ್ಬನ ಕಥೆಯಲ್ಲ. ಮಧುಮೇಹದ ಅಂಚಿನಲ್ಲಿದ್ದ 2423 ಜನರಿಗೆ ದಿನಕ್ಕೆ 4000 ಯೂನಿಟ್ ಇಲ್ಲವೇ ಹುಸಿಮಾತ್ರೆ ಕೊಟ್ಟು ನಡೆಸಿದ ಅಮೆರಿಕದ ಡಿ2ಡಿ ಅಧ್ಯಯನದಲ್ಲಿ (2019) ಮಧುಮೇಹ ಬರುವುದರಲ್ಲಿ ಖಚಿತವೆನ್ನಬಹುದಾದ ವ್ಯತ್ಯಾಸ ಕಾಣಲಿಲ್ಲ. 25,871 ಜನರ ವೈಟಲ್ ಅಧ್ಯಯನದಲ್ಲಿ ದಿನಕ್ಕೆ 2000 ಯೂನಿಟ್ ಕೊಟ್ಟರೂ ಹೃದಯಾಘಾತ, ಪಾರ್ಶ್ವವಾಯುಗಳು ತಗ್ಗಲಿಲ್ಲ. ಬೊಜ್ಜಿರುವವರ ಮತ್ತು ಮನೆ ಬಿಟ್ಟು ಹೊರಬಾರದ ರೋಗಿಗಳ ವಿಟಮಿನ್ ಮಟ್ಟ ಹೇಗೂ ಕಡಿಮೆಯೇ ಇರುವುದರಿಂದ, ಕೊರತೆಯನ್ನೇ ಕಾಯಿಲೆಯ ಕಾರಣವೆಂದು ನಂಬಿದ್ದು ನಮ್ಮ ಅವಸರ.

ನನ್ನದೇ ಒಂದು ತಪ್ಪನ್ನೂ ಹೇಳಬೇಕು. ಮಧುಮೇಹವಿದ್ದ ಹಿರಿಯರೊಬ್ಬರಿಗೆ ವಾರಕ್ಕೊಂದು ವಿಟಮಿನ್ ಡಿ ಪುಡಿಯ ಪ್ಯಾಕೆಟ್ ಬರೆದಿದ್ದೆ. ನನ್ನ ಗೀಚು ಬರಹ ಅರ್ಥವಾಗದೆ ಅವರು ಆರು ವಾರ ದಿನಕ್ಕೊಂದರಂತೆ ಕುಡಿದುಬಿಟ್ಟರು. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ. ಶುಗರ್ ಏರಿದೆಯೆಂದು ಮಾತ್ರೆ ಹೆಚ್ಚಿಸಿಕೊಳ್ಳಲು ಬಂದಿದ್ದರು. ಶುಗರ್ ಇದ್ದಷ್ಟೇ ಇತ್ತು, ವಿಟಮಿನ್ ಡಿ ಅತಿಯಾಗಿ ರಕ್ತದ ಕ್ಯಾಲ್ಸಿಯಂ ಮಿತಿ ಮೀರಿ 12.6 ಆಗಿತ್ತು. ಪುಡಿ ನಿಲ್ಲಿಸಿ, ದಾಖಲಿಸಿಕೊಂಡು ಸಲೈನ್ ಹಾಕಬೇಕಾಯಿತು.

ಈಗ ಮೂಳೆ ಮತ್ತು ಸ್ನಾಯುವಿಗಾಗಿ ಕೊರತೆಯನ್ನು ತುಂಬಿಸುತ್ತೇನೆ, ಸಕ್ಕರೆಯ ಮಾತ್ರೆ ತಗ್ಗೀತೆಂದು ಯಾರಿಗೂ ಆಸೆ ಹುಟ್ಟಿಸುವುದಿಲ್ಲ. ಚೀಟಿಯಲ್ಲಿ ದಪ್ಪ ಕನ್ನಡ ಅಕ್ಷರಗಳಲ್ಲಿ “ಭಾನುವಾರ ಮಾತ್ರ, ಊಟದ ನಂತರ, ಹಾಲಿನಲ್ಲಿ” ಎಂದು ಬರೆದು, ಕೆಳಗೆ ಎಂಟು ಚೌಕ ಹಾಕಿಕೊಡುತ್ತೇನೆ.