ಮಾವನ ವೇಷದ ಬದುಕನ್ನು ಬರೆದಿಟ್ಟ ಬಗೆ

ನನ್ನ ಮಾವ ಕಾಸರಗೋಡಿನ ಬದಿಯಡ್ಕದ ಹತ್ತಿರದವರು. ಯಕ್ಷಗಾನ ಮೇಳದಲ್ಲಿ ಏಳು ತಿರುಗಾಟ, ಅಂದರೆ ಊರೂರು ತಿರುಗಿ ಆಟ ಆಡುವ ಏಳು ಋತು, ಮಾಡಿದವರು. ಆಮೇಲೆ ನಾಟಕ, ಎರಡು ಸಿನಿಮಾಗಳಲ್ಲಿ ಸಣ್ಣ ಪಾತ್ರ. ಅವರ ಬದುಕು ಬರೆದಿಡಲು ಕೂತ ಮೊದಲ ದಿನ, “ಮಾವ, ನಿಮ್ಮ ಕಲಾಜೀವನದ ಬಗ್ಗೆ ಹೇಳಿ” ಅಂದೆ. “ಎಂತ ಹೇಳುವುದು? ದೇವರು ನಡೆಸಿದ” ಅಂದು ಸುಮ್ಮನಾದರು.

ನಿಮ್ಮ ಮನೆಯಲ್ಲೂ ಹಿರಿಯ ಕಲಾವಿದರಿದ್ದರೆ ಹಾಗೆ ಕೇಳಬೇಡಿ. ಏನಾದರೂ ಒಂದು ವಸ್ತು ಕೈಗೆ ಕೊಡಿ. ಮರುದಿನ ನಾನು ಅಟ್ಟದಿಂದ ಅವರ ಗೆಜ್ಜೆ ಇಳಿಸಿ ತಂದೆ. ಒಂದೂವರೆ ಗಂಟೆ ಮಾತಾಡಿದರು. ಬಣ್ಣ ಹಾಕುವ ಚೌಕಿಯಲ್ಲಿ ಯಾರ ಪಕ್ಕ ಕೂರುತ್ತಿದ್ದರು, ಬಣ್ಣ ಹಾಕಲು ಯಾರು ಕಲಿಸಿದರು, ಎಲ್ಲ ಬಂತು. ಫೋನಿನಲ್ಲಿ ರೆಕಾರ್ಡ್ ಮಾಡಿ, ಆದರೆ ಆಟಿ ತಿಂಗಳ ಜೋರು ಮಳೆಯಲ್ಲಿ ತಗಡಿನ ಮಾಡಿನ ಕೆಳಗೆ ಬೇಡ. ಒಳಕೋಣೆಯಲ್ಲಿ ಕೂತುಕೊಳ್ಳಿ.

ಇಸವಿ ಹಿಡಿಯುವುದೇ ಕಷ್ಟ. “ಯಾವ ವರ್ಷ?” ಅಂದರೆ ಯಾರಿಗೂ ನೆನಪಿರುವುದಿಲ್ಲ. “ಆ ಪತ್ತನಾಜೆಗೆ ಗೆಜ್ಜೆ ಬಿಚ್ಚಿದಾಗ ಮಗಳು ಹುಟ್ಟಿದ್ದಳಾ?” ಅಂತ ಕೇಳಿ, ಉತ್ತರ ಬರುತ್ತದೆ. ತಿರುಗಾಟ ಮಳೆಗಾಲ ಕಳೆದು ಶುರುವಾಗಿ ಮೇ ಕೊನೆಯ ಹೊತ್ತಿಗೆ, ಪತ್ತನಾಜೆ ಅನ್ನುವ ತುಳುನಾಡಿನ ದಿನ, ಗೆಜ್ಜೆ ಬಿಚ್ಚಿ ಮುಗಿಯುತ್ತದೆ. ಹಾಗಾಗಿ ಒಂದೇ ಇಸವಿ ಬರೆಯಬೇಡಿ, 1975-76 ಅಂತ ಬರೆಯಿರಿ.

ಕರಪತ್ರ ಸಿಕ್ಕಿದರೆ ಬಿಡಬೇಡಿ. ಮಾವನ ಪೆಟ್ಟಿಗೆಯಲ್ಲಿ ಸಿಕ್ಕಿದ ಒಂದರಲ್ಲಿ ಇಸವಿ ಇದ್ದ ಮೂಲೆಯೇ ಹರಿದಿತ್ತು. ಫೆಬ್ರವರಿ 14, ಶನಿವಾರ ಅಂತ ಮಾತ್ರ ಉಳಿದಿತ್ತು. ಹಳೆಯ ಕ್ಯಾಲೆಂಡರ್ ನೋಡಿದೆ. ಆ ತಾರೀಕು ಶನಿವಾರ ಬಿದ್ದದ್ದು 1970, 1976, 1981ರಲ್ಲಿ. ಮಾವ ಮೇಳ ಸೇರಿದ್ದು 1973ರಲ್ಲಿ, ಬಿಟ್ಟದ್ದು 1980ರಲ್ಲಿ. ಅಲ್ಲಿಗೆ 1976 ಅಂತ ಗಟ್ಟಿಯಾಯಿತು. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಹೆಸರಿನ ಬಗ್ಗೆಯೂ ಜಾಗ್ರತೆ ಬೇಕು. ನಮ್ಮ ಕಡೆ ಕಲಾವಿದರಿಗೆ ಊರೇ ಹೆಸರು. ಶೇಣಿ ಗೋಪಾಲಕೃಷ್ಣ ಭಟ್, ಕುಂಬಳೆ ಸುಂದರ ರಾವ್, ಹೀಗೆ. ಮಾವನಿಗೆ ಮೇಳದಲ್ಲಿ ಹುಟ್ಟೂರಿನ ಹೆಸರು, ನಾಟಕದ ಕರಪತ್ರದಲ್ಲಿ ಅತ್ತೆಯ ಊರಿನ ಹೆಸರು. ಎರಡನ್ನೂ ಬರೆದಿಡದಿದ್ದರೆ ಮುಂದೆ ಓದುವವರು ಇಬ್ಬರು ಕಲಾವಿದರು ಅಂದುಕೊಳ್ಳುತ್ತಾರೆ. ಸರಕಾರಿ ಕಾಗದಗಳನ್ನೂ ನೋಡಿ. 1956ರ ನವೆಂಬರ್ 1ಕ್ಕಿಂತ ಮೊದಲು ಕಾಸರಗೋಡು ದಕ್ಷಿಣ ಕನ್ನಡಕ್ಕೆ ಸೇರಿತ್ತು, ಅವತ್ತು ಕೇರಳಕ್ಕೆ ಸೇರಿತು, ಆಮೇಲಿನ ಕಾಗದ ಮಲಯಾಳದಲ್ಲೂ ಇರಬಹುದು.

ಸಿನಿಮಾದ ವಿಷಯದಲ್ಲಿ ಶೂಟಿಂಗ್ ಆದ ವರ್ಷ, ಬಿಡುಗಡೆಯಾದ ವರ್ಷ ಬೇರೆ ಬೇರೆ ಬರೆಯಿರಿ. ಧ್ವನಿ ಅವರದೇನಾ ಅಂತಲೂ ಕೇಳಿ. ಮಾವನ ಒಂದು ಪಾತ್ರಕ್ಕೆ ಬೇರೆಯವರು ಡಬ್ಬಿಂಗ್ ಮಾಡಿದ್ದರು. ರಾತ್ರಿಯಿಡೀ ಮೈಕಿನ ಮುಂದೆ ಅರ್ಥ, ಅಂದರೆ ವೇಷದ ಮಾತು, ಹೇಳಿದ ಗಂಟಲು ಅದು. ಆ ನೋವು ಅವರಿಗೆ ಈಗಲೂ ಇದೆ. ಅದನ್ನೂ ಬರೆದೆ, ಬಿಡಲಿಲ್ಲ.

ಬರೆದಾದ ಮೇಲೆ ಅವರ ಮುಂದೆ ಕೂತು ಗಟ್ಟಿಯಾಗಿ ಓದಿ. ನಾನು “ಆ ವರ್ಷ ಕೃಷ್ಣನ ವೇಷ ಮಾಡಿದರು” ಅಂತ ಓದಿದಾಗ ಮಾವ ಕೈ ಎತ್ತಿ ತಡೆದರು. “ಅದು ನನ್ನ ವೇಷ ಅಲ್ಲ. ಆ ವೇಷ ಮಾಡುತ್ತಿದ್ದವರಿಗೆ ಜ್ವರ ಬಂದಿತ್ತು. ಮೂರು ರಾತ್ರಿ ಅವರ ಬದಲಿಗೆ ನಿಂತದ್ದು ಅಷ್ಟೆ. ಅವರ ಹೆಸರು ಮೊದಲು ಹಾಕು.” ಹಾಕಿದೆ.