ಉಡಿ ತುಂಬಿದ ಕೊಬ್ಬರಿಗೆ ವಿಮಾನದಲ್ಲಿ ಜಾಗವಿಲ್ಲ

ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಬಿಚ್ಚಿಸಿದರೆ ನಮ್ಮ ಕಡೆ ಜನ "ಅವರು ಹೇಳಿದ್ದೇ ಕಾಯ್ದೆ" ಎಂದು ಗೊಣಗುತ್ತಾರೆ. ನಾನು ಗೊಣಗುವುದಿಲ್ಲ. ಮಗಳು ಮೊದಲು ಬೆಂಗಳೂರಿನಲ್ಲಿದ್ದಳು, ಈಗ ದುಬೈನಲ್ಲಿದ್ದಾಳೆ. ಬೆಳಗಾವಿಯಿಂದ ಅವಳ ಮನೆಗೆ ಹೋಗುವ ಬ್ಯಾಗುಗಳನ್ನೆಲ್ಲ ಕಟ್ಟುವವಳು ನಾನೇ. ಈಗೀಗ ಓಣಿಯವರೂ ಕರೆಯುತ್ತಾರೆ. ನಿಷೇಧದ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಅದರ ಕಾರಣ ತಿಳಿದುಕೊಂಡರೆ ಕೆಲಸ ಸಲೀಸು. ಒಂದೊಂದು ಡಬ್ಬಿ ಕೈಗೆ ಬಂದಾಗಲೂ ಕೇಳಿಕೊಳ್ಳುತ್ತೇನೆ: ಇದು ಹೊತ್ತಿಕೊಳ್ಳುತ್ತದಾ? ಸೋರುತ್ತದಾ? ಯಾರ ಕಣ್ಣಿಗಾದರೂ ಎರಚಬಹುದಾ? ಇಳಿಯುವ ದೇಶದಲ್ಲಿ ಇದು ಅಪರಾಧವಾ?

ಎಲ್ಲಕ್ಕಿಂತ ಜಾಸ್ತಿ ತಲೆಬಿಸಿ ಕೊಡುವುದು ಒಣ ಕೊಬ್ಬರಿ. ಮಗಳು ತವರಿನಿಂದ ಹೊರಟಾಗ ಉಡಿ ತುಂಬದೆ ಕಳಿಸುವುದುಂಟೇ? ಗುಳೇದಗುಡ್ಡದ ಖಣ, ಅಕ್ಕಿ, ಉತ್ತತ್ತಿ, ಅರಿಶಿಣ ಬೇರು, ಅಡಿಕೆ, ಬೆಲ್ಲ, ಜೊತೆಗೆ ಕೊಬ್ಬರಿ ಬಟ್ಟಲು. ಖಣ, ಉತ್ತತ್ತಿ, ಅರಿಶಿಣಕ್ಕೆ ಯಾರೂ ಏನೂ ಅಂದಿಲ್ಲ. ಕೊಬ್ಬರಿ ಮಾತ್ರ ಹೋಗುವುದಿಲ್ಲ. ಕೈಚೀಲದಲ್ಲೂ ಇಲ್ಲ, ಕೌಂಟರಿನಲ್ಲಿ ಕೊಡುವ ದೊಡ್ಡ ಬ್ಯಾಗಿನಲ್ಲೂ ಇಲ್ಲ.

ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ ಅದರದೇ ನಂಬರ್ ಇದೆ, ಯುಎನ್ 1363. ಅದನ್ನು ಸೇರಿಸಿರುವುದು 'ತಾನಾಗೇ ಕಾವೇರುವ ವಸ್ತು'ಗಳ ಸಾಲಿಗೆ. ಕೊಬ್ಬರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ ಇರುತ್ತದೆ. ಆ ಎಣ್ಣೆ ಗಾಳಿಯ ಜೊತೆ ಸೇರಿ ಮೆಲ್ಲಗೆ ಬಿಸಿಯಾಗುತ್ತದೆ. ಒತ್ತಿ ತುಂಬಿದ್ದರೆ ಬಿಸಿ ಹೊರಗೆ ಹೋಗುವುದಿಲ್ಲ. ಹಸಿ ಕಣಕಿಯನ್ನು ಬಣವೆ ಒಟ್ಟಿದರೆ ಒಳಗೊಳಗೇ ಕಾಯುತ್ತದಲ್ಲ, ಹಾಗೆ. ಹಡಗಿನಲ್ಲಿ ಮೂಟೆಗಟ್ಟಲೆ ಒಯ್ಯುವಾಗ ಹೀಗೆ ಬೆಂಕಿ ಬಿದ್ದದ್ದಿದೆ. ಉಡಿಯ ಎರಡು ಬಟ್ಟಲು ವಿಮಾನ ಸುಡುವುದಿಲ್ಲ ಎಂದು ನನಗೂ ಅನ್ನಿಸುತ್ತದೆ. ಆದರೆ ತಪಾಸಣೆಯವರು ಉಡಿಗೊಂದು, ಮೂಟೆಗೊಂದು ಕಾಯ್ದೆ ಎಲ್ಲಿಂದ ತರಬೇಕು?

"ಅಯ್ಯಪ್ಪನ ಕಾಯಿ ಬಿಟ್ಟಾರಂತ, ನಮ್ಮ ಕೊಬ್ಬರಿ ಯಾಕ ಬಿಡಂಗಿಲ್ಲ?" ಎಂದು ಪಕ್ಕದ ಮನೆಯವರು ಕೇಳಿದ್ದರು. ಸುದ್ದಿ ನಿಜವೇ. 2024ರ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನ ಭದ್ರತಾ ಸಂಸ್ಥೆಯು ಶಬರಿಮಲೆ ಯಾತ್ರಿಗಳಿಗೆ ಇರುಮುಡಿಯ ತೆಂಗಿನಕಾಯಿಯನ್ನು ಕೈಚೀಲದಲ್ಲಿ ಒಯ್ಯಲು ಒಪ್ಪಿತ್ತು. ಅದೂ ಪರೀಕ್ಷೆ ಮಾಡಿ, 2025ರ ಜನವರಿ 20ರವರೆಗೆ ಮಾತ್ರ. ಅದು ತೆಂಗಿನಕಾಯಿಗೆ ಸಿಕ್ಕ ರಿಯಾಯಿತಿ, ಒಣ ಕೊಬ್ಬರಿಗಲ್ಲ.

ಮನೆಯಲ್ಲಿ ಒಪ್ಪಿಸುವುದು ಇದಕ್ಕಿಂತ ಕಷ್ಟವಿತ್ತು. "ಉಡಿ ತುಂಬಿದ್ದು ಬಿಟ್ಟು ಹೋದ್ರ ಹೆಂಗವಾ?" ಎಂದು ಅತ್ತೆ ಕೂತುಬಿಟ್ಟರು. ಯುಎನ್ ನಂಬರ್ ಅವರಿಗೆ ಹೇಳಿ ಏನು ಪ್ರಯೋಜನ? "ಬಿಟ್ಟು ಹೋಗಂಗಿಲ್ರಿ ಅತ್ತಿ, ಉಂಡಿಯೊಳಗ ಹೋಗ್ತದ" ಎಂದೆ. ಈಗ ನಮ್ಮಲ್ಲಿ ಹೊರಡುವ ಹಿಂದಿನ ದಿನವೇ ಉಡಿ ತುಂಬುತ್ತೇವೆ. ಸಂಜೆ ಅದೇ ಕೊಬ್ಬರಿಯನ್ನು ತುರಿದು, ಹುರಿದು, ಬೆಲ್ಲದ ಪಾಕಕ್ಕೆ ಹಾಕಿ ಅಂಟಿನ ಉಂಡಿ ಕಟ್ಟುತ್ತೇವೆ. ಉಂಡಿಯ ಡಬ್ಬಿಗೆ ಇದುವರೆಗೂ ಯಾರೂ ತಕರಾರು ಮಾಡಿಲ್ಲ. ಅತ್ತೆಗೂ ಸಮಾಧಾನ. ಈಗ ಓಣಿಯಲ್ಲಿ ಇದು ತಮ್ಮದೇ ಐಡಿಯಾ ಎಂದು ಹೇಳಿಕೊಂಡು ತಿರುಗುತ್ತಾರೆ, ಇರಲಿ.

ಉಂಡಿಯಲ್ಲಿ ಇನ್ನೊಂದು ವಿಷಯವಿದೆ, ಗಸಗಸೆ. ನಮ್ಮಲ್ಲಿ ಅದಿಲ್ಲದೆ ಅಂಟಿನ ಉಂಡಿ ಕಟ್ಟುವವರು ಕಡಿಮೆ. ಯುಎಇಯಲ್ಲಿ ಗಸಗಸೆ ನಿಷಿದ್ಧ. ಅದು ಅಫೀಮು ಗಿಡದ ಬೀಜ, ಅಲ್ಲಿ ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಕಿರಾಣಿ ಅಂಗಡಿಯಲ್ಲಿ ಸಿಗುವ ಪುಡಿಕೆ ಅಲ್ಲಿ ಪೊಲೀಸ್ ಕೇಸ್ ಆಗಬಹುದು. ಹಾಗಾಗಿ ದುಬೈಗೆ ಹೋಗುವ ಉಂಡಿಗೆ ಗಸಗಸೆ ಒಂದು ಕಾಳೂ ಹಾಕುವುದಿಲ್ಲ. ಮಸಾಲೆ ಪುಡಿಯನ್ನೂ ಮನೆಯಲ್ಲೇ ಕುಟ್ಟಿ ಕೊಡುತ್ತೇನೆ, ಒಳಗೆ ಏನಿದೆ ಎಂದು ಗೊತ್ತಿರಬೇಕಲ್ಲ. ಗುಳಿಗೆಗಳದ್ದೂ ಇದೇ ಕತೆ. ಕೆಲವು ನೋವಿನ ಗುಳಿಗೆ, ಕೆಮ್ಮಿನ ಔಷಧಿಗೆ ಅಲ್ಲಿ ಮೊದಲೇ ಅನುಮತಿ ಬೇಕು. ಡಾಕ್ಟರ್ ಚೀಟಿ ಇಲ್ಲದೆ ಒಂದು ಸ್ಟ್ರಿಪ್ಪನ್ನೂ ಕಳಿಸುವುದಿಲ್ಲ.

ಓಣಿಯ ಹುಡುಗನೊಬ್ಬ ಲಂಡನ್ನಿಗೆ ಓದಲು ಹೊರಟಾಗ ಅವನ ತಾಯಿ ಎರಡು ಕಿಲೋ ಕುಂದಾ ತಂದಿಟ್ಟಿದ್ದರು. ಭಾರತದಿಂದ ಹೋಗುವವರು ಹಾಲಿನ ಪದಾರ್ಥವನ್ನು ಬ್ರಿಟನ್ನಿಗೆ ಒಯ್ಯುವಂತಿಲ್ಲ. ಪ್ರಾಣಿಗಳ ರೋಗ ಹಾಲು, ಮಾಂಸದ ಜೊತೆ ಒಳಗೆ ಬರಬಾರದು ಎಂಬ ಕಾರಣಕ್ಕೆ. ಕುಂದಾ ಎಂದರೆ ಪೂರ್ತಿ ಹಾಲೇ ಅಲ್ವಾ? ಅದನ್ನು ನಾವೆಲ್ಲ ಸೇರಿ ಇಲ್ಲೇ ಮುಗಿಸಿದೆವು. ಅವನ ಬ್ಯಾಗಿಗೆ ಗೋಕಾಕದ ಕರದಂಟು ಹೋಯಿತು.

ಪವರ್ ಬ್ಯಾಂಕ್ ವಿಷಯದಲ್ಲಿ ಜನ ಉಲ್ಟಾ ತಿಳಿಯುತ್ತಾರೆ. ಬೆಂಕಿಯ ಭಯವಿದ್ದರೆ ದೂರ, ಕೆಳಗಿನ ಬ್ಯಾಗಿನಲ್ಲಿ ಇಡಬೇಕು ಅಂದುಕೊಳ್ಳುತ್ತಾರೆ. ಹಾಗಲ್ಲ. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಸರಕಿನ ಜಾಗದಲ್ಲಿ ನೋಡುವವರಿಲ್ಲ. ಮೇಲೆ ಇದ್ದರೆ ಹೊಗೆ ಕಾಣುತ್ತದೆ, ಸಿಬ್ಬಂದಿ ಆರಿಸುತ್ತಾರೆ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನಿನಲ್ಲಿ ಹೊರಡಲು ನಿಂತಿದ್ದ ವಿಮಾನವೊಂದು ಸುಟ್ಟಿತು. ಪವರ್ ಬ್ಯಾಂಕಿನಿಂದಲೇ ಆಗಿರಬೇಕು ಎಂದು ತನಿಖೆಯವರು ಹೇಳಿದ್ದರು. ಒಳಗಿದ್ದ 176 ಜನರೂ ಪಾರಾದರು. ಆಮೇಲೆ ಹಲವು ಕಡೆ ಕಾಯ್ದೆ ಬಿಗಿಯಾಯಿತು. 2025ರ ಅಕ್ಟೋಬರ್ 1ರಿಂದ ಎಮಿರೇಟ್ಸ್ ವಿಮಾನದಲ್ಲಿ ಪವರ್ ಬ್ಯಾಂಕ್ ಒಯ್ಯಬಹುದು, ಬಳಸುವಂತಿಲ್ಲ. ಅದೂ ಒಂದೇ, 100 ವ್ಯಾಟ್ ಅವರ್ ಒಳಗಿನದು. ಲೆಕ್ಕ ಸುಲಭ. 20,000 ಎಂಎಎಚ್ ಎಂದು ಬರೆದಿದ್ದರೆ ಅದನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ, 74 ಬರುತ್ತದೆ. ಅಕ್ಷರ ಅಳಿಸಿಹೋದ ಪವರ್ ಬ್ಯಾಂಕ್ ಮಾತ್ರ ಬೇಡ. ತಪಾಸಣೆಯವರು ಏನನ್ನು ಓದಬೇಕು?

ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಕೆಂಪು ಖಾರ ಎಲ್ಲ ದೊಡ್ಡ ಬ್ಯಾಗಿಗೆ. ಖಾರ ಕೈಚೀಲದಲ್ಲಿದ್ದರೆ ಎಸೆಯುತ್ತಾರೆ. ಎರಚಿದರೆ ಅದೂ ಆಯುಧವೇ. ತುಪ್ಪ, ಉಪ್ಪಿನಕಾಯಿಯೂ ದೊಡ್ಡ ಬ್ಯಾಗಿಗೇ. 2006ರಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಸಿಕ್ಕಿಬಿದ್ದ ಮೇಲೆ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಕೈಚೀಲಕ್ಕೆ 100 ಎಂಎಲ್ ಮಿತಿ ಬಂತು. ಇಲ್ಲಿ ನೋಡುವುದು ಬಾಟಲಿಯ ಅಳತೆಯನ್ನು. ಅರ್ಧ ಲೀಟರ್ ಬಾಟಲಿಯ ತಳದಲ್ಲಿ ಎರಡು ಚಮಚ ತುಪ್ಪವಿದ್ದರೂ ಅದು ಅರ್ಧ ಲೀಟರೇ.

ತೂಕದಲ್ಲಿ ಒಂದು ಕಿವಿಮಾತು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೊಂದು, ಅಲ್ಲಿಂದ ದುಬೈಗೊಂದು ಎಂದು ಬೇರೆ ಬೇರೆ ಟಿಕೆಟ್ ತೆಗೆದರೆ ಮೊದಲ ವಿಮಾನಕ್ಕೆ ದೇಶದೊಳಗಿನ ಲೆಕ್ಕವೇ, ಸಾಮಾನ್ಯವಾಗಿ 15 ಕಿಲೋ. ಕೈಚೀಲಕ್ಕೆ 7. ಎರಡಕ್ಕೂ ಒಂದೇ ಪಿಎನ್‌ಆರ್ (ಬುಕಿಂಗ್ ನಂಬರ್) ಇದ್ದರೆ ಹೆಚ್ಚಾಗಿ ವಿದೇಶದ ಮಿತಿಯೇ ಮೊದಲಿನಿಂದ ನಡೆಯುತ್ತದೆ. ಟಿಕೆಟಿನಲ್ಲಿ ನೂರಿನ್ನೂರು ಉಳಿಸಲು ಹೋಗಿ ಕೌಂಟರಿನಲ್ಲಿ ಕಿಲೋ ಲೆಕ್ಕದಲ್ಲಿ ಕಟ್ಟುವವರನ್ನು ಬೇಕಾದಷ್ಟು ನೋಡಿದ್ದೇನೆ. ಮನೆಯಲ್ಲಿ ಕೊಕ್ಕೆಗೆ ತೂಗುಹಾಕುವ ಪುಟ್ಟ ಡಿಜಿಟಲ್ ತಕ್ಕಡಿ ಇಟ್ಟಿದ್ದೇನೆ. ಅರ್ಧ ಕಿಲೋ ಕಡಿಮೆಯೇ ಇರುವ ಹಾಗೆ ಕಟ್ಟುತ್ತೇನೆ.

ಕೈಚೀಲದಲ್ಲಿ ಉಳಿಯುವ ಜಾಗಕ್ಕೆ ಕಡಕ್ ಜೋಳದ ರೊಟ್ಟಿ. ತೂಕವಿಲ್ಲ, ಸೋರುವುದಿಲ್ಲ, ಎಷ್ಟು ದಿನವಾದರೂ ಕೆಡುವುದಿಲ್ಲ. ಬಟ್ಟೆಯಲ್ಲಿ ಸುತ್ತಿ, ದುಂಡನೆಯ ಸ್ಟೀಲ್ ಡಬ್ಬಿಯಲ್ಲಿ ಅಲುಗಾಡದಂತೆ ಇಡುತ್ತೇನೆ. ಆದರೂ ಮೇಲಿನ ನಾಲ್ಕೈದು ಮುರಿಯುತ್ತವೆ. ಮುರಿದ ಚೂರುಗಳನ್ನು ಅಳಿಯಂದಿರು ಚಹಾದಲ್ಲಿ ಅದ್ದಿ ತಿನ್ನುತ್ತಾರಂತೆ. ಮಂಗಳೂರು ಕಡೆಯವರು, ಏನು ಹೇಳುವುದು.